ಹಿಂಚಕ್ರದ ಗಾಡಿಯೂ ಹಸ್ತ-ಚಿತ್ತಾ ಮಳೆಯೂ



ಈ ಸಲ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿಯೋಣ. ಇದಕ್ಕೆ ಕಾರಣ ಗುಬ್ಬಿಯ ಸೋದರಿಯೊಬ್ಬರು ಬರೆದಿರುವ ಪತ್ರ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇದು:

“ಅಕ್ಕಾ, ನಮ್ಮ ಅತ್ತೆಯವರಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ದಿನ ತುಮಕೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ನಮ್ಮ ಮನೆಯವರಿಗೆ ಬೆಂಗಳೂರಲ್ಲಿ ಕೆಲಸ, ವಾರಕ್ಕೊಂದು ಸಲ ಬರ್ತಾರೆ. ಮನೆಯಲ್ಲಿ ಹಳೆಯ ವ್ಯಾನ್ ಇದೆ, ಎರಡು ವರ್ಷದಿಂದ ನಾನೇ ಓಡಿಸುತ್ತೇನೆ. ಹೋದ ವಾರ ಜೋರು ಮಳೆಯಲ್ಲಿ ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಹೋಯಿತು. ದೇವರ ದಯೆ, ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಮನೆಯವರಿಗೆ ಹೇಳಿದೆ. ‘ನಿನಗೆ ಓಡಿಸೋಕೆ ಬರಲ್ಲ, ಬಿಟ್ಬಿಡು’ ಅಂದರು. ಬಿಟ್ಟರೆ ಅತ್ತೆಯವರನ್ನು ಕರೆದುಕೊಂಡು ಹೋಗೋರು ಯಾರು? ನಿಜವಾಗಲೂ ತಪ್ಪು ನನ್ನದೇನಾ?”

ಸ್ವಲ್ಪ ನಿಮ್ಮದು ತಾಯಿ, ಸ್ವಲ್ಪ ಗಾಡಿಯದು, ಸ್ವಲ್ಪ ಮಳೆಯದು. ಆದರೆ ‘ಓಡಿಸೋಕೆ ಬರಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಏಕೆಂದರೆ ನನಗೂ ಹೀಗೇ ಆಗಿತ್ತು.

ನನ್ನ ತವರು ಕುಣಿಗಲ್. ಕೆಲವು ವರ್ಷಗಳ ಹಿಂದೆ ದಸರಾ ಹಬ್ಬಕ್ಕೆ ಹೋಗಿ ಸಂಜೆ ತುಮಕೂರಿಗೆ ಹಿಂದಿರುಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು. ಹೆಬ್ಬೂರು ದಾಟಿದೆವು, ಮಳೆ ಹಿಡಿಯಿತು. ತಿರುವೊಂದು ಬಂತೆಂದು ಗಾಬರಿಯಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಹಾಕಿ ಕ್ಲಚ್ಚನ್ನು ಪಕ್ಕನೆ ಬಿಟ್ಟೆ. ಅಷ್ಟೇ ನೋಡಿ, ಗಾಡಿಯ ಹಿಂಭಾಗ ಸರ್ರನೆ ಸರಿದು, ಮೂತಿ ರಾಗಿ ಹೊಲದ ಕಡೆಗೆ ತಿರುಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಕೈಕಾಲು ಮಾತ್ರ ತರತರ ನಡುಗುತ್ತಿತ್ತು. ಗೋಣಿಕೊಪ್ಪೆ ಹೊದ್ದುಕೊಂಡು ಹೊಲದಿಂದ ಬಂದ ಯಜಮಾನರೊಬ್ಬರು ಹಿಂದಿನ ಟೈರನ್ನು ಮುಟ್ಟಿ ನೋಡಿ, “ಟೈರು ಬೋಳಾಗೈತಲ್ಲವ್ವ, ಇದ್ರಾಗೆ ಮಳೇಲಿ ಬರ್ತಾರಾ?” ಅಂದರು. ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂಚಕ್ರದ ಗಾಡಿ ಎಂದರೇನು?

ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಇಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಅವು ಗಾಡಿಯನ್ನು ಎತ್ತಿನಂತೆ ಮುಂದಿನಿಂದ ಎಳೆಯುತ್ತವೆ. ಆದರೆ 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್, ನಮ್ಮ ಅಪ್ಪಂದಿರ ಕಾಲದ ಪ್ರೀಮಿಯರ್ ಪದ್ಮಿನಿ, 1984ರಿಂದ 2019ರವರೆಗೆ ಬಂದ ಓಮ್ನಿ, ಈಗಲೂ ಓಡುವ ಈಕೋ, ಬೊಲೆರೊ, ಇವೆಲ್ಲ ಹಿಂದಿನ ಚಕ್ರಗಳಿಂದ ನಡೆಯುವಂಥವು. ಬಸ್ಸು ಲಾರಿಗಳೂ ಹಾಗೆಯೇ. ಇವು ಗಾಡಿಯನ್ನು ಹಿಂದಿನಿಂದ ತಳ್ಳುತ್ತವೆ.

ನಮ್ಮ ಬೀದಿಗೆ ತರಕಾರಿ ತರುವವರ ತಳ್ಳುಗಾಡಿಯನ್ನು ನೆನೆಸಿಕೊಳ್ಳಿ. ನೆಟ್ಟಗಿನ ದಾರಿಯಲ್ಲಿ ಎಷ್ಟು ತಳ್ಳಿದರೂ ತೊಂದರೆಯಿಲ್ಲ. ಒದ್ದೆ ನೆಲದಲ್ಲಿ, ತಿರುವಿನಲ್ಲಿ ಜೋರಾಗಿ ತಳ್ಳಿದರೆ ಪಕ್ಕಕ್ಕೆ ಹೊರಳುತ್ತದೆ. ನಿಮ್ಮ ವ್ಯಾನಿಗೆ ಆದದ್ದೂ ಇದೇ. ಅದರಲ್ಲೂ ಹಿಂದೆ ಸಾಮಾನಿಲ್ಲದೆ ಖಾಲಿಯಿದ್ದಾಗ ಹಿಂಚಕ್ರದ ಮೇಲೆ ಭಾರ ಕಡಿಮೆ, ರಸ್ತೆಯ ಹಿಡಿತವೂ ಕಡಿಮೆ. ಗಾಡಿ ಕೆಟ್ಟದ್ದಲ್ಲ, ಅದರ ಸ್ವಭಾವ ಹಾಗೆ. ಸ್ವಭಾವ ಅರಿತು ನಡೆಸಿಕೊಂಡರೆ ಮಾತು ಕೇಳುತ್ತದೆ.

ಮನೆ ಬಿಡುವ ಮುಂಚೆ

ಮೊದಲ ಕೆಲಸ ಟೈರು ನೋಡುವುದು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕಾರು ಓಡಿಸಲು ಕಾನೂನೇ ಒಪ್ಪುವುದಿಲ್ಲ. ಗೆರೆಯೊಳಗೆ ಅಲ್ಲಲ್ಲಿ ಚಿಕ್ಕ ರಬ್ಬರ್ ದಿಂಡುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತು. ಮಳೆಗಾಲಕ್ಕೆ 3 ಮಿಲಿಮೀಟರಾದರೂ ಇರಲಿ. ಆ ಗೆರೆಗಳು ಅಂದಕ್ಕಲ್ಲ, ಚಕ್ರದಡಿಯ ನೀರು ಹೊರಗೆ ಹರಿಯುವ ಕಾಲುವೆಗಳು. ಕಾಲುವೆ ಮುಚ್ಚಿದರೆ ಟೈರು ನೀರಿನ ಮೇಲೆ ತೇಲುತ್ತದೆ.

ನಾಲ್ಕಕ್ಕೂ ದುಡ್ಡು ಹೊಂದದೆ ಎರಡೇ ಹೊಸ ಟೈರು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಪಂಕ್ಚರ್ ಅಂಗಡಿಯವರು ಮುಂದಕ್ಕೆ ಹಾಕೋಣ ಎಂದರೂ ಕೇಳಬೇಡಿ. ಮುಂದಿನದು ಜಾರಿದರೆ ವೇಗ ತಗ್ಗಿಸಿ ಸರಿಮಾಡಿಕೊಳ್ಳಬಹುದು. ಹಿಂದಿನದು ಜಾರಿದರೆ ಗಾಡಿ ಬುಗುರಿಯಾಗುತ್ತದೆ.

ವೈಪರ್ ರಬ್ಬರ್ ಒಡೆದಿದ್ದರೆ ಬದಲಿಸಿ. ಗಾಜಿನ ಒಳಗೆ ಮಂಜು ಕಟ್ಟುವುದಕ್ಕೆ ಒಂದು ಉಪಾಯ: ಒಣ ಬಟ್ಟೆಗೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದು ತೊಟ್ಟು ಹಾಕಿ ಒಳಗಾಜಿಗೆ ತೆಳ್ಳಗೆ ಸವರಿ, ಮತ್ತೆ ಒಣ ಬಟ್ಟೆಯಿಂದ ಹೊಳೆಯುವಂತೆ ಒರೆಸಿ. ಏಸಿ ಇದ್ದರೆ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ.

ಇನ್ನೊಂದು ನಮ್ಮದೇ ವಿಷಯ. ಒದ್ದೆಯಾದ ಹವಾಯಿ ಚಪ್ಪಲಿ ಪೆಡಲಿನ ಮೇಲೆ ಜಾರುತ್ತದೆ, ನೆನೆದ ಸೀರೆಯ ಅಂಚು ಕಾಲಿಗೆ ತೊಡರುತ್ತದೆ. ಗಾಡಿಯಲ್ಲಿ ಒಂದು ಜೊತೆ ಹಿಂಬದಿ ಪಟ್ಟಿಯಿರುವ ಚಪ್ಪಲಿ ಇಟ್ಟಿರಿ. ತೆಂಗಿನಕಾಯಿ ಚೀಲ ಹಾಕಿಕೊಂಡು ಬರುವವರು ಅದನ್ನು ಕೆಳಗೇ ಇಟ್ಟು ಗಟ್ಟಿಯಾಗಿ ಕಟ್ಟಿ. ಬ್ರೇಕ್ ಹಾಕಿದಾಗ ಕಾಯಿ ಉರುಳಿಕೊಂಡು ಪೆಡಲಿನ ಕೆಳಗೆ ಬಂದರೆ ದೇವರೇ ಗತಿ.

ದಾರಿಯಲ್ಲಿ

ನಮ್ಮ ಜಿಲ್ಲೆಯಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತಾ ಮಳೆಗಳ ಕಾಲದಲ್ಲಿ. ಬಹಳ ದಿನ ಬಿಟ್ಟು ಬಂದ ಮಳೆಯಾದರೆ ಮೊದಲ ಅರ್ಧ ಗಂಟೆ ಇನ್ನೂ ಅಪಾಯ. ರಸ್ತೆಯ ಮೇಲಿನ ಎಣ್ಣೆ, ಧೂಳು ನೆನೆದು ಲೋಳೆಯಾಗಿರುತ್ತದೆ. ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಕೆಸರು, ಒಕ್ಕಣೆಗೆಂದು ರಸ್ತೆಗೆ ಹರಡಿದ ಹುಲ್ಲು ಕಂಡರೆ ಮೊದಲೇ ನಿಧಾನ ಮಾಡಿ. ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಾಕಲೇಬೇಡಿ.

ಹಿಂಚಕ್ರದ ಗಾಡಿಗೆ ಎಲ್ಲವೂ ಮೆತ್ತಗೆ ಆಗಬೇಕು. ಆಕ್ಸಿಲರೇಟರನ್ನು ಹಾಲು ಕಾಯಿಸುವ ಒಲೆಯಂತೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ತಿರುವು ಬರುವ ಮುಂಚೆಯೇ, ನೆಟ್ಟಗಿರುವಾಗಲೇ, ಬ್ರೇಕು, ಗೇರು ಎಲ್ಲ ಮುಗಿಸಿಕೊಳ್ಳಿ. ತಿರುವಿನೊಳಗೆ ಅದೇ ವೇಗದಲ್ಲಿ ಸಾಗಿ, ಚಕ್ರ ನೆಟ್ಟಗಾದ ಮೇಲೆ ಮತ್ತೆ ವೇಗ ಕೊಡಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕೆಳಗಿನ ಗೇರಿಗೆ ಹಾಕಿ ಕ್ಲಚ್ ಪಕ್ಕನೆ ಬಿಟ್ಟರೆ ಇಂಜಿನ್ನು ಹಿಂಚಕ್ರವನ್ನಷ್ಟೇ ತಡೆಯುತ್ತದೆ. ಅದು ಓಡುವ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಂತೆಯೇ.

ವೇಗದ ಲೆಕ್ಕವನ್ನೂ ಹೇಳುತ್ತೇನೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. 60ರ ವೇಗದಲ್ಲಿ 20 ನಿಮಿಷ, 40ರ ವೇಗದಲ್ಲಿ 30 ನಿಮಿಷ. ಉಳಿಯುವುದು ಬರೇ 10 ನಿಮಿಷ! ಆದರೆ ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಮತ್ತಷ್ಟು ಹೆಚ್ಚು. ಜೋರು ಮಳೆಯಲ್ಲಿ ನಾನಂತೂ 40 ದಾಟುವುದಿಲ್ಲ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ, ಜಾಗ ಕೊಟ್ಟು ಮುಂದೆ ಬಿಡುತ್ತೇನೆ.

ಮುಂದಿನ ಬಸ್ಸು ಒಂದು ಮರ ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಲು ಶುರುಮಾಡಿ. ‘ಸಾವಿರದ ನಾಲ್ಕು’ ಮುಗಿಯುವ ಮುಂಚೆಯೇ ನೀವು ಆ ಮರದ ಹತ್ತಿರ ಬಂದರೆ ತೀರ ಹತ್ತಿರವಿದ್ದೀರಿ ಎಂದು ತಿಳಿಯಿರಿ. ಹೆಡ್‌ಲೈಟನ್ನು ಡಿಮ್‌ನಲ್ಲಿ ಹಾಕಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಬಾಲ ಬೀಸಿದರೆ

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಜಾರಬಹುದು. ಆಗ ಬ್ರೇಕ್ ತುಳಿಯಬೇಡಿ. ಇದೇ ಮುಖ್ಯ, ಇದೇ ಕಷ್ಟ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ಗಾಡಿಯ ಹಿಂಭಾಗ ಎಡಕ್ಕೆ ಜಾರಿದರೆ ಸ್ಟೀರಿಂಗನ್ನೂ ಎಡಕ್ಕೇ ಸ್ವಲ್ಪ ತಿರುಗಿಸಿ, ಬಲಕ್ಕೆ ಜಾರಿದರೆ ಬಲಕ್ಕೆ. ನೆಟ್ಟಗಾಗುತ್ತಿದ್ದಂತೆ ಸ್ಟೀರಿಂಗನ್ನೂ ನೇರ ಮಾಡಿ, ಇಲ್ಲದಿದ್ದರೆ ಇನ್ನೊಂದು ಕಡೆಗೆ ಬೀಸುತ್ತದೆ. ಗೇರ್ ಇಳಿಸಿದ್ದರಿಂದ ಜಾರಿದ್ದಾದರೆ ಕ್ಲಚ್ ಒತ್ತಿ, ಚಕ್ರ ಬಿಡುಗಡೆಯಾಗುತ್ತದೆ. ಕಣ್ಣು ಮಾತ್ರ ಮರದ ಮೇಲಾಗಲಿ, ಹಳ್ಳದ ಮೇಲಾಗಲಿ ಬೇಡ. ನೀವು ಹೋಗಬೇಕಾದ ದಾರಿಯ ಮೇಲಿರಲಿ. ಕಣ್ಣು ಹೋದ ಕಡೆಗೇ ಕೈ ಹೋಗುತ್ತದೆ.

ನೆಟ್ಟಗಿನ ರಸ್ತೆಯಲ್ಲೇ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಚಕ್ರ ನೀರಿನ ಮೇಲೆ ತೇಲುತ್ತಿದೆ ಎಂದರ್ಥ. ಆಗಲೂ ಬ್ರೇಕ್ ಬೇಡ, ತಿರುಗಿಸುವುದೂ ಬೇಡ. ವೇಗ ತಾನಾಗಿ ಇಳಿಯಲು ಬಿಡಿ.

ನೆಟ್ಟಗಿರುವಾಗ ಜೋರಾಗಿ ಬ್ರೇಕ್ ಹಾಕಲೇಬೇಕಾದರೆ, ಹಳೆಯ ಗಾಡಿಗಳಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿ. ಹೊಸ ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಅಂಥ ಕಾರಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಿರಿ, ಕಾಲ ಕೆಳಗೆ ಗಡಗಡ ಎಂದರೆ ಹೆದರಬೇಡಿ.

ನೀರು ಅಡ್ಡ ಬಂದರೆ

ನಮ್ಮದು ಕೆರೆಗಳ ನಾಡು. ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುವ ಸಂಭ್ರಮ ನಮಗೆ. ಆದರೆ ಆ ಕೋಡಿಯ ನೀರೇ ಎಷ್ಟೋ ಕಡೆ ರಸ್ತೆಯ ಮೇಲೆ ಹರಿಯುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸೈಫನ್ ಇದೆ. ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ತಾನಾಗಿಯೇ ಹೊರಕ್ಕೆ ನುಗ್ಗುತ್ತದೆ. ನೀರು ಯಾರನ್ನೂ ಕೇಳಿ ಬರುವುದಿಲ್ಲ.

ಅರ್ಧ ಅಡಿ ನೀರು ಸಣ್ಣ ಕಾರಿನ ತಳ ಮುಟ್ಟಿ ಹಿಡಿತ ತಪ್ಪಿಸಬಲ್ಲದು. ಒಂದು ಅಡಿ ನೀರು ಎಷ್ಟೋ ಕಾರುಗಳನ್ನು ತೇಲಿಸುತ್ತದೆ. ಎರಡು ಅಡಿ ಹರಿಯುವ ನೀರು ಹೆಚ್ಚಿನ ಎಲ್ಲ ಗಾಡಿಗಳನ್ನೂ ಎಳೆದೊಯ್ಯುತ್ತದೆ. ನಮ್ಮ ವ್ಯಾನಿನಂಥವುಗಳಲ್ಲಿ ಹಗುರವಾದ ಹಿಂಭಾಗವೇ ಮೊದಲು ಏಳುತ್ತದೆ. ತಳ್ಳಬೇಕಾದ ಚಕ್ರವೇ ನೆಲ ಬಿಟ್ಟ ಮೇಲೆ ಇಂಜಿನ್ ಓಡುತ್ತಿದ್ದು ಏನು ಪ್ರಯೋಜನ?

ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ 2023ರ ಮೇ 21ರಂದು ಮಳೆನೀರಿನಲ್ಲಿ ಸಿಕ್ಕಿಕೊಂಡ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ರಾಜಧಾನಿಯ ನಟ್ಟನಡುವೆ, ಹಗಲು ಹೊತ್ತಿನಲ್ಲಿ! ನಮ್ಮಲ್ಲೂ ರೈಲು ಹಳಿಯ ಕೆಳಗೆ ಹಾದುಹೋಗುವ ಅಂಡರ್‌ಪಾಸುಗಳಿವೆ. ನೀರು ನಿಂತಿದ್ದು ನೆಲ ಕಾಣದಿದ್ದರೆ ಇಳಿಯಬೇಡಿ. ‘ಮುಂದಿನವರು ಹೋದರಲ್ಲ’ ಎಂಬ ಧೈರ್ಯವೂ ಬೇಡ. ಸಿಕ್ಕಿಕೊಂಡರೆ ತಡಮಾಡದೆ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ನೀರಿನಲ್ಲಿ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಳಗೆ ನೀರು ಹೋಗಿ ಇಂಜಿನ್ನೇ ಮುರಿಯುತ್ತದೆ. ತೆಳ್ಳನೆಯ ನೀರು ದಾಟಿ ಬಂದ ಮೇಲೆ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಗುಬ್ಬಿಯ ಸೋದರಿಗೆ

ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ, ನಿಜ. ಅದಕ್ಕೇ ಮಳೆಯ ದಿನದ ಏರ್ಪಾಡನ್ನು ಬಿಸಿಲಿನ ದಿನವೇ ಮಾಡಿಟ್ಟುಕೊಳ್ಳಿ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಹಿಂದಿನ ಸಂಜೆಯೇ ಆಸ್ಪತ್ರೆಗೆ ಫೋನ್ ಮಾಡಿ, ಹೊತ್ತು ಬದಲಿಸಿಕೊಡಲು ಸಾಧ್ಯವೇ ಕೇಳಿ. ಒಂದು ದಿನ ಮುಂದೆ ಹಾಕಬಹುದೋ ಇಲ್ಲವೋ ಎಂಬುದನ್ನು ಡಾಕ್ಟರೇ ಹೇಳಬೇಕು, ನಾವಾಗಿ ತೀರ್ಮಾನಿಸಬಾರದು. ಗುಬ್ಬಿಗೂ ತುಮಕೂರಿಗೂ ರೈಲಿದೆ, ಸಮಯ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಗಾಡಿಯಲ್ಲೇ ಹೋಗುವುದಾದರೆ ಒಂದು ಗಂಟೆ ಮುಂಚೆ ಹೊರಡಿ. ಹಿಂದಿರುಗುವಾಗ ಅತ್ತೆಯವರು ಸುಸ್ತಾಗಿರುತ್ತಾರೆ, ‘ಬೇಗ ಮನೆಗೆ ಹೋಗೋಣ ಕಣಮ್ಮ’ ಅನ್ನುತ್ತಾರೆ. ಆಗಲೇ ನಮಗೆ ಅವಸರ ಹತ್ತುವುದು. ಮಳೆ ಜೋರಾದರೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಮುಂದೋ ನಿಲ್ಲಿಸಿ. ಅವರಿಗೊಂದು ಶಾಲು ಹೊದಿಸಿ, ಮಳೆ ತಗ್ಗುವವರೆಗೆ ಮಾತಾಡುತ್ತಾ ಕೂತಿರಿ. ಅರ್ಧ ಗಂಟೆ ನಿಲ್ಲುವುದು ಹೆದರಿಕೆಯಲ್ಲ, ಅದೂ ಓಡಿಸುವ ವಿದ್ಯೆಯ ಒಂದು ಭಾಗ.

ನಿಮ್ಮ ಯಜಮಾನರಿಗೂ ಒಂದು ಮಾತು. ನಿಮ್ಮ ತಾಯಿಯನ್ನು ಎರಡು ವರ್ಷದಿಂದ ಜೋಪಾನವಾಗಿ ಕರೆದೊಯ್ಯುತ್ತಿರುವವರು ಇವರೇ. ‘ಬಿಟ್ಬಿಡು’ ಅನ್ನುವ ಬದಲು ಮುಂದಿನ ಭಾನುವಾರ ಬಂದಾಗ ಹಿಂದಕ್ಕೆರಡು ಹೊಸ ಟೈರು ಹಾಕಿಸಿಕೊಡಿ. ಆಮೇಲೆ ಪಕ್ಕದಲ್ಲಿ ಕೂತು ತುಮಕೂರಿಗೆ ಒಂದು ಸಲ ಹೋಗಿಬನ್ನಿ. ಓಡಿಸುವವರು ಅವರೇ ಆಗಿರಲಿ.

ಟೈರು ಹಾಕಿಸಿದಿರಾ, ಅತ್ತೆಯವರು ಹೇಗಿದ್ದಾರೆ, ಪತ್ರ ಬರೆದು ತಿಳಿಸಿ ಸೋದರಿ. ಕಾಯುತ್ತಿರುತ್ತೇನೆ.