‘ಮೂಡ್’ ಎಂಬ ಮುಸುಕು

ಯಾವುದಾದರೂ ಮ್ಯೂಸಿಕ್ ಆ್ಯಪಿನಲ್ಲಿ ‘ಟ್ರಿಪ್ ಹಾಪ್’ ಎಂದು ಟೈಪಿಸಿ ನೋಡಿ. ಮಳೆ ಸಂಜೆಗೆ, ತಡರಾತ್ರಿಯ ಓದಿಗೆ, ಪ್ರೇಮಭಂಗಕ್ಕೆ, ನಿದ್ದೆಗೆ ಎಂದು ಬಗೆಬಗೆಯ ಪಟ್ಟಿಗಳು ಸಾಲುಗಟ್ಟುತ್ತವೆ. ತಲೆನೋವಿಗೊಂದು, ಜ್ವರಕ್ಕೊಂದು ಎಂದು ಮಾತ್ರೆ ಎಣಿಸಿಕೊಟ್ಟ ಹಾಗೆ. ಈ ಪಟ್ಟಿಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಒಂದು ಹೆಸರು ‘ಮ್ಯಾಕ್ಸಿನ್‌ಕ್ವೇ’. 1995ರ ಫೆಬ್ರವರಿಯಲ್ಲಿ ಬಂದ ಈ ಆಲ್ಬಮ್ಮಿಗೆ ಮೂವತ್ತು ವರ್ಷ ದಾಟಿದೆ. ಇಷ್ಟು ಕಾಲದಲ್ಲಿ ಇದರ ಬಗ್ಗೆ ಬರೆದವರಲ್ಲಿ ಬಹಳ ಜನ ಕೈಗೆತ್ತಿಕೊಂಡ ಮೊದಲ ವಿಶೇಷಣ ‘ಮೂಡಿ’. ಹೊಗೆಯಂತಿದೆ, ಮಂಪರು ತರುತ್ತದೆ, ಕತ್ತಲೆಯಂತೆ ಕವಿಯುತ್ತದೆ ಎಂಬ ಮಾತುಗಳು ಆಮೇಲೆ ಬರುತ್ತವೆ.

ಈ ವಿಶೇಷಣದ ಮೇಲೆ ನನ್ನ ತಕರಾರಿದೆ. ಅದು ಸೋಮಾರಿ ಮಾತು ಎಂಬುದು ಸಣ್ಣ ಕಾರಣ. ಆ ಮಾತು ಎರಡು ಸಂಗತಿಗಳನ್ನು ಮುಚ್ಚಿಡುತ್ತದೆ ಎಂಬುದು ದೊಡ್ಡ ಕಾರಣ. ಈ ಸಂಗೀತ ಎಲ್ಲಿಂದ, ಯಾವ ಗಾಯದಿಂದ ಬಂತು ಎಂಬುದು ಒಂದು. ಅದನ್ನು ಹಾಡಿದವಳು ಯಾರು ಎಂಬುದು ಇನ್ನೊಂದು.

‘ಟ್ರಿಪ್ ಹಾಪ್’ ಎಂಬ ಹೆಸರಿನಿಂದಲೇ ಶುರುಮಾಡೋಣ. ಈ ಪದ ಚಾಲ್ತಿಗೆ ಬಂದದ್ದು 1994ರಲ್ಲಿ, ‘ಮಿಕ್ಸ್‌ಮ್ಯಾಗ್’ ಎಂಬ ಬ್ರಿಟಿಷ್ ಪತ್ರಿಕೆಯ ಲೇಖನವೊಂದರಿಂದ. ಅಲ್ಲಿ ಮುಖ್ಯವಾಗಿ ಚರ್ಚೆಗೆ ಬಂದವನು ಕ್ಯಾಲಿಫೋರ್ನಿಯಾದ ಡಿಜೆ ಶ್ಯಾಡೋ. ಅಮೆರಿಕದವನನ್ನು ವಿವರಿಸಲು ಹುಟ್ಟಿದ ಪದ ಕೆಲವೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಸಂಗೀತಗಾರರಿಗೆಲ್ಲ ಮನೆತನದ ಹೆಸರಾಗಿಬಿಟ್ಟಿತು. ಮ್ಯಾಸಿವ್ ಅಟ್ಯಾಕ್, ಪೋರ್ಟಿಸ್‌ಹೆಡ್, ಟ್ರಿಕಿ ಎಲ್ಲರೂ ಒಂದೇ ಚೀಲಕ್ಕೆ ಬಿದ್ದರು. ಟ್ರಿಕಿಯಂತೂ ಈ ಹಣೆಪಟ್ಟಿಯನ್ನು ಮತ್ತೆ ಮತ್ತೆ ಕಿತ್ತೆಸೆದಿದ್ದಾನೆ. ಆದರೂ ಅದು ಬಿಟ್ಟಿಲ್ಲ, ಯಾಕೆಂದರೆ ಅಂಗಡಿಯವರಿಗೆ ಅದು ಬೇಕು.

ನಮ್ಮ ಕಾವ್ಯಮೀಮಾಂಸೆಯ ಮೊದಲ ಪಾಠವನ್ನು ಓದಿದವರಿಗೆ ಇಲ್ಲಿನ ಎಡವಟ್ಟು ಕೂಡಲೇ ಗೊತ್ತಾಗಬೇಕು. ಭಾವ ಸುಮ್ಮನೆ ಗಾಳಿಯಲ್ಲಿ ತೇಲುವುದಿಲ್ಲ ಎಂದು ಭರತ ಹೇಳಿದ್ದ. ಅದಕ್ಕೊಂದು ವಿಭಾವ ಬೇಕು. ಯಾರನ್ನು ಕಂಡು, ಯಾವುದನ್ನು ಕಳೆದುಕೊಂಡು, ಯಾವ ಹೊತ್ತಿನಲ್ಲಿ ಎಂಬ ಕಾರಣ ಬೇಕು. ವಿಭಾವವನ್ನು ಕಿತ್ತುಹಾಕಿ ಶೋಕವನ್ನು ಮಾತ್ರ ಉಳಿಸಿಕೊಂಡರೆ ಅದು ಕರುಣರಸ ಆಗುವುದಿಲ್ಲ, ಸುಮ್ಮನೆ ಮುಖ ಸಪ್ಪೆ ಮಾಡಿಕೊಂಡು ಕೂತಂತೆ ಆಗುತ್ತದೆ. ‘ಮೂಡ್’ ಎಂಬ ಪದ ಮಾಡುವ ಕೆಲಸ ಇದೇ. ಕಾರಣವನ್ನು ಕತ್ತರಿಸಿ, ಪರಿಣಾಮವನ್ನು ಪೊಟ್ಟಣ ಕಟ್ಟಿ ಕೊಡುತ್ತದೆ.

ಹಾಗಾದರೆ ‘ಮ್ಯಾಕ್ಸಿನ್‌ಕ್ವೇ’ಯ ವಿಭಾವ ಯಾವುದು? ಅದು ಹೆಸರಲ್ಲೇ ಇದೆ. ಮ್ಯಾಕ್ಸಿನ್ ಕ್ವೇ ಎಂಬುದು ಟ್ರಿಕಿಯ, ಅಂದರೆ ಏಡ್ರಿಯನ್ ಥಾಸ್‌ನ ತಾಯಿಯ ಹೆಸರು. ಮಗನಿಗೆ ನಾಲ್ಕು ವರ್ಷವಿದ್ದಾಗ ಅವಳು ಆತ್ಮಹತ್ಯೆ ಮಾಡಿಕೊಂಡಳು. ಅವಳ ಹೆಸರಿನ ಎರಡು ಭಾಗಗಳನ್ನು ಕೂಡಿಸಿ ಮಗ ತನ್ನ ಮೊದಲ ಆಲ್ಬಮ್ಮಿಗೆ ಇಟ್ಟ. ಅವನು ಬೆಳೆದದ್ದು ಬ್ರಿಸ್ಟಲ್‌ನ ದಕ್ಷಿಣಕ್ಕಿರುವ ನೋಲ್ ವೆಸ್ಟ್‌ನಲ್ಲಿ. ಬಹುಪಾಲು ಬಿಳಿಯ ಕಾರ್ಮಿಕರಿದ್ದ ಬಡಾವಣೆ ಅದು. ಊರಿನ ಇನ್ನೊಂದು ಮಗ್ಗುಲಲ್ಲಿ ಕೆರಿಬಿಯನ್ ವಲಸಿಗರ ಸೇಂಟ್ ಪಾಲ್ಸ್. 1980ರ ಏಪ್ರಿಲ್‌ನಲ್ಲಿ ಅಲ್ಲಿನ ಕೆಫೆಯೊಂದರ ಮೇಲೆ ಪೊಲೀಸರು ದಾಳಿ ಮಾಡಿದಾಗ ಇಡೀ ಕೇರಿ ತಿರುಗಿಬಿತ್ತು. ಜಮೈಕಾದ ಸೌಂಡ್ ಸಿಸ್ಟಮ್ ಪರಂಪರೆ ಬ್ರಿಸ್ಟಲ್‌ನಲ್ಲಿ ಬೇರೂರಿದ್ದು ಇಂಥ ಕೇರಿಗಳಲ್ಲಿ. ಗುಲಾಮರ ವ್ಯಾಪಾರದಿಂದ ದುಡ್ಡು ಮಾಡಿದ ಬಂದರು ಇದು. ಆ ವ್ಯಾಪಾರದ ದೊಡ್ಡ ಕುಳ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಜನ ಉರುಳಿಸಿ ನೀರಿಗೆ ಎಸೆದದ್ದು 2020ರ ಜೂನ್‌ನಲ್ಲಿ. ಅದಕ್ಕೆ ಎಷ್ಟೋ ಮುಂಚೆಯೇ ಮ್ಯಾಸಿವ್ ಅಟ್ಯಾಕ್, ಕೋಲ್‌ಸ್ಟನ್ ಹೆಸರಿನ ಸಭಾಂಗಣದಲ್ಲಿ ತಾವು ನುಡಿಸುವುದಿಲ್ಲ ಎಂದಿತ್ತು. ಇಷ್ಟೆಲ್ಲ ಇರುವ ಊರಿನ ಹಾಡನ್ನು ‘ಮಳೆ ಸಂಜೆಗೆ’ ಎಂದು ಕೊಡುವುದು ಒಂದು ಬಗೆಯ ಮರೆವು.

ಎರಡನೆಯ ಸಂಗತಿಗೆ ಬರುತ್ತೇನೆ. ನನಗೆ ಹೆಚ್ಚು ಸಿಟ್ಟು ಇರುವುದು ಇಲ್ಲೇ. ಮುಖಪುಟದಲ್ಲಿ ಒಂದೇ ಹೆಸರಿದೆ: ಟ್ರಿಕಿ. ಆದರೆ ಆಲ್ಬಮ್ ಹಾಕಿದ ಕೂಡಲೇ ನಮಗೆ ಕೇಳುವುದು ಒಬ್ಬ ಯುವತಿಯ ದನಿ. ಮೊದಲ ಹಾಡು, ಎರಡನೆಯ ಹಾಡು, ಮೂರನೆಯ ಹಾಡು, ಎಲ್ಲದರಲ್ಲೂ ಮುಂದೆ ನಿಂತವಳು ಅವಳೇ. ಹನ್ನೆರಡು ಹಾಡುಗಳಲ್ಲಿ ಬಹುಪಾಲು ಅವಳ ದನಿಯ ಮೇಲೆ ನಿಂತಿವೆ. ಟ್ರಿಕಿ ಅವಳ ಹಿಂದೆಯೋ ಪಕ್ಕದಲ್ಲೋ ಒಡಕು ಪಿಸುದನಿಯಲ್ಲಿ ಗೊಣಗುತ್ತಾನೆ. ಅವಳು ಮಾರ್ಟಿನಾ ಟಾಪ್ಲಿ-ಬರ್ಡ್. ಟ್ರಿಕಿಗೆ ಪರಿಚಯವಾದಾಗ ಇನ್ನೂ ಹದಿಹರೆಯದ ಶಾಲಾ ಹುಡುಗಿ. ಇದು ಜೋಡಿಯೊಂದರ ಮೊದಲ ಆಲ್ಬಮ್. ಒಬ್ಬನ ಹೆಸರಿನಲ್ಲಿ ಅಚ್ಚಾಗಿದೆ, ಅಷ್ಟೇ.

“ಬರೆದವನು ಅವನು, ಕಟ್ಟಿದವನು ಅವನು, ಅವಳು ಹಾಡಿದಳು ಮಾತ್ರ” ಎನ್ನುವವರಿದ್ದಾರೆ. ಈ ‘ಮಾತ್ರ’ ಎಷ್ಟು ದೊಡ್ಡದು ಎಂದು ಅಳೆಯಲು ಒಂದು ಒಳ್ಳೆಯ ಪುರಾವೆಯಿದೆ. 1994ರಲ್ಲಿ ಬಂದ ಮ್ಯಾಸಿವ್ ಅಟ್ಯಾಕ್‌ನ ‘ಪ್ರೊಟೆಕ್ಷನ್’ ಆಲ್ಬಮ್ಮಿನ ‘ಕರ್ಮಕೋಮ’ ಹಾಡನ್ನು ಕೇಳಿ. ಅಲ್ಲಿ ಟ್ರಿಕಿ ಮತ್ತು ರಾಬರ್ಟ್ ಡೆಲ್ ನಾಯಾ ಎಂಬ ಇಬ್ಬರು ಗಂಡಸರು ಮಾತಾಡುತ್ತಾರೆ. ಆಮೇಲೆ ‘ಮ್ಯಾಕ್ಸಿನ್‌ಕ್ವೇ’ಯ ಮೊದಲ ಹಾಡು ‘ಓವರ್‌ಕಮ್’ ಕೇಳಿ. ಅದೇ ಹಾಡಿನ ಮಾತುಗಳು ಇಲ್ಲಿಗೆ ಬಂದಿವೆ. ಬರೆದವನು ಅದೇ ಟ್ರಿಕಿ. ಆದರೆ ಅಲ್ಲಿ ಗಂಡಸಿನ ಜಂಬವಾಗಿ ಕೇಳಿದ್ದು ಇಲ್ಲಿ ಮಾರ್ಟಿನಾಳ ಬಾಯಲ್ಲಿ ನಿದ್ದೆಗೆಟ್ಟವಳ ಎಚ್ಚರವಾಗಿ ಕೇಳುತ್ತದೆ. ಪದ ಒಂದೇ ಇದ್ದು ಅರ್ಥ ಬೇರೆಯಾದರೆ, ಆ ವ್ಯತ್ಯಾಸವನ್ನು ತಂದವರಿಗೆ ಕರ್ತೃತ್ವದಲ್ಲಿ ಪಾಲಿಲ್ಲವೇ? ಹಾಡಿನ ಅರ್ಥ ಕಾಗದದಲ್ಲೇ ಮುಗಿದುಹೋಗುತ್ತದೆ ಎಂದು ನಂಬುವವರು ಹಾಡು ಕೇಳುವುದನ್ನು ಬಿಟ್ಟು ಕಾಗದ ಓದಿಕೊಂಡಿರಬಹುದು.

ಇನ್ನೊಂದು ಪುರಾವೆ. ‘ಹೆಲ್ ಈಸ್ ರೌಂಡ್ ದ ಕಾರ್ನರ್’ ಹಾಡಿನ ತಳದಲ್ಲಿರುವುದು ಐಸಾಕ್ ಹೇಯ್ಸ್‌ನ 1971ರ ‘ಐಕ್ಸ್ ರ‍್ಯಾಪ್ 2’ರ ತುಣುಕು. ಇದೇ ತುಣುಕನ್ನು ಪೋರ್ಟಿಸ್‌ಹೆಡ್ ತಮ್ಮ ‘ಗ್ಲೋರಿ ಬಾಕ್ಸ್’ನಲ್ಲಿ ಬಳಸಿದೆ. ಊರೂ ಒಂದೇ, ಕಾಲವೂ ಒಂದೇ, ತುಣುಕೂ ಒಂದೇ. ಆದರೂ ಬೆತ್ ಗಿಬನ್ಸ್ ಹಾಡುವ ‘ಗ್ಲೋರಿ ಬಾಕ್ಸ್’ ಪ್ರೇಮದಿಂದ ದಣಿದವಳ ಹಾಡಾಗುತ್ತದೆ. ಟ್ರಿಕಿ-ಮಾರ್ಟಿನಾರ ಹಾಡು ತಾನು ಹುಟ್ಟಿದ ದೇಶದಲ್ಲೇ ಪರಕೀಯನಾದವನ ಉಸಿರುಗಟ್ಟುವಿಕೆ ಆಗುತ್ತದೆ. ‘ಮೂಡ್’ ಎಂಬುದು ತುಣುಕಿನೊಳಗೆ ಕೂತಿದ್ದರೆ ಎರಡೂ ಒಂದೇ ಆಗಬೇಕಿತ್ತಲ್ಲ? ಹಾಡುವವರು ಯಾರು, ಏನನ್ನು ಹೊತ್ತು ಹಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1995ರ ಮರ್ಕ್ಯುರಿ ಪ್ರಶಸ್ತಿಗೆ ಈ ಎರಡೂ ಆಲ್ಬಮ್‌ಗಳು ಸ್ಪರ್ಧೆಯಲ್ಲಿದ್ದವು. ಗೆದ್ದದ್ದು ಪೋರ್ಟಿಸ್‌ಹೆಡ್‌ನ ‘ಡಮ್ಮಿ’. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಗಮನಿಸಿ, ಪೋರ್ಟಿಸ್‌ಹೆಡ್ ಎಂದರೆ ಒಂದು ತಂಡ ಎಂದು ಎಲ್ಲರಿಗೂ ಗೊತ್ತು. ಗಿಬನ್ಸ್‌ಳನ್ನು ಯಾರೂ ಅತಿಥಿ ಗಾಯಕಿ ಎನ್ನುವುದಿಲ್ಲ.

ಮೂರನೆಯದು ‘ಬ್ಲ್ಯಾಕ್ ಸ್ಟೀಲ್’. ಮೂಲ ಹಾಡು ಪಬ್ಲಿಕ್ ಎನಿಮಿಯದು, 1988ರದು. ಸೈನ್ಯಕ್ಕೆ ಸೇರು ಎಂಬ ಸರ್ಕಾರದ ಪತ್ರವನ್ನು ಧಿಕ್ಕರಿಸಿ ಜೈಲು ಸೇರಿದ ಕಪ್ಪು ಮನುಷ್ಯನೊಬ್ಬ ಜೈಲು ಒಡೆಯುವ ಕಥೆ. ಚಕ್ ಡಿ ಅದನ್ನು ಗುಡುಗಿನಂತೆ ಹೇಳುತ್ತಾನೆ. ಅದು ರ‍್ಯಾಪ್, ಹಾಡಿಕೊಳ್ಳುವ ಧಾಟಿ ಅದಕ್ಕಿಲ್ಲ. ಮಾರ್ಟಿನಾ ಅದನ್ನು ಹಾಡುತ್ತಾಳೆ. ಮಾತಾಗಿದ್ದದ್ದಕ್ಕೆ ಏರಿಳಿತ, ನಿಲುಗಡೆ, ಉಸಿರು ಬರುತ್ತದೆ. ಸೈನ್ಯ ಯಾರನ್ನು ಎಂದೂ ಕರೆಯಲಾರದೋ ಅಂಥ ಹುಡುಗಿಯೊಬ್ಬಳು ‘ನನ್ನನ್ನು ಕರೆದರು, ನಾನು ಬರೆನೆಂದೆ’ ಎಂಬರ್ಥದ ಮಾತನ್ನು ತನ್ನದಾಗಿಸಿಕೊಂಡಾಗ, ‘ನಾನು’ ಎಂಬ ಪದವೇ ಅಗಲವಾಗುತ್ತದೆ. ಇದು ವ್ಯಾಖ್ಯಾನದ ಕೆಲಸ. ನಾವು ತರಗತಿಗಳಲ್ಲಿ ‘ಮರುಓದು’ ಎಂದು ಕರೆದು ಹೆಮ್ಮೆಪಡುವುದು ಇದನ್ನೇ.

ಈ ಹಾಡಿನ ತಾಳದಲ್ಲಿ ನಮಗೆ ಗೊತ್ತಿರುವ ಒಂದು ಸದ್ದಿದೆ. 1992ರ ‘ರೋಜಾ’ ಚಿತ್ರಕ್ಕಾಗಿ ಎ.ಆರ್. ರೆಹಮಾನ್ ಮಾಡಿದ ‘ರುಕ್ಕುಮಣಿ’ ಹಾಡಿನ ತುಣುಕು ಅದು. ಇದು ಗೊತ್ತಾದ ಕೂಡಲೇ ನಮ್ಮವರ ಎದೆ ಉಬ್ಬುತ್ತದೆ. “ಅವರು ನಮ್ಮ ರೆಹಮಾನ್‌ನಿಂದ ತೆಗೆದುಕೊಂಡಿದ್ದಾರೆ, ಗೊತ್ತಾ?” ಎಂದು ಹಂಚಿಕೊಳ್ಳುತ್ತೇವೆ. ಒಳ್ಳೆಯದೇ. ಎರಡು ಕ್ಷಣದ ತಾಳಕ್ಕೆ ಹೆಸರು ಸಲ್ಲಬೇಕು ಎಂಬ ನ್ಯಾಯಪ್ರಜ್ಞೆ ನಮಗಿದೆ. ಅದೇ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹೊತ್ತು ನಡೆದವಳ ಹೆಸರು ಕೇಳಿದರೆ ಅದೇ ಜನ ತಡವರಿಸುತ್ತಾರೆ. ನ್ಯಾಯಪ್ರಜ್ಞೆ ನಮ್ಮವರಿಗೆ ಮಾತ್ರ ಎಚ್ಚರವಾಗಿ ಮಿಕ್ಕವರಿಗೆ ಮಲಗಿಬಿಟ್ಟರೆ ಅದನ್ನು ಅಭಿಮಾನ ಎನ್ನಬಹುದು, ನ್ಯಾಯ ಎನ್ನಲಾಗದು.

ಎರಡು ತಕರಾರುಗಳು ಒಂದೇ ಕಡೆ ಕೂಡುವುದನ್ನು ಗಮನಿಸಿ. ಸಂಗೀತವನ್ನು ‘ಮೂಡ್’ ಎಂದಾಗ ದನಿ ‘ವಾತಾವರಣ’ ಆಗುತ್ತದೆ. ವಾತಾವರಣಕ್ಕೆ ಹೆಸರು ಬೇಕಿಲ್ಲ, ಸಂಭಾವನೆ ಬೇಕಿಲ್ಲ, ಬುದ್ಧಿಯೂ ಬೇಕಿಲ್ಲ. ಗಂಡಸು ಯಂತ್ರದ ಮುಂದೆ ಕೂತರೆ ಅದು ಪ್ರತಿಭೆ. ಹೆಂಗಸು ಮೈಕಿನ ಮುಂದೆ ನಿಂತರೆ ಅದು ಮಾದಕತೆ. ಇನ್ನೂ ವಿಪರ್ಯಾಸವೆಂದರೆ, ತಾಯಿಯ ಹೆಸರನ್ನು ಮುಖಪುಟದ ಮೇಲೆ ದೊಡ್ಡದಾಗಿ ಬರೆದ ಆಲ್ಬಮ್ ಇದು. ಇಲ್ಲದ ಹೆಂಗಸಿಗೆ ಶೀರ್ಷಿಕೆಯ ಗೌರವ ಸಿಕ್ಕಿತು. ಎದುರಿಗಿದ್ದು ಹಾಡಿದವಳಿಗೆ ಒಳಪುಟವೇ ಗತಿಯಾಯಿತು. ತನ್ನ ಪೂರ್ತಿ ಹೆಸರು ಮುಖಪುಟದಲ್ಲಿರುವ ಸ್ವಂತ ಆಲ್ಬಮ್ ‘ಕ್ವಿಕ್ಸಾಟಿಕ್’ ಬರಲು ಮಾರ್ಟಿನಾ 2003ರವರೆಗೆ ಕಾಯಬೇಕಾಯಿತು. ಅದೂ ಮರ್ಕ್ಯುರಿ ಪಟ್ಟಿಗೆ ಬಂತು.

ಇದು ದೂರದ ಬ್ರಿಸ್ಟಲ್‌ನ ಜಗಳ, ನಮಗೇಕೆ ಎನ್ನುವವರು ತಮ್ಮ ವಿಭಾಗದ ಗ್ರಂಥಾಲಯದಲ್ಲಿ ಜನಪದ ಗೀತೆಗಳ ಕಪಾಟಿನ ಮುಂದೆ ಹತ್ತು ನಿಮಿಷ ನಿಲ್ಲಲಿ. ಸಂಪಾದಕರ ಹೆಸರು ಮುಖಪುಟದಲ್ಲಿ. ಬೀಸುವಾಗ, ಕುಟ್ಟುವಾಗ ಹಾಡಿದ ಹೆಂಗಸಿನ ಹೆಸರು ಇದ್ದರೆ ಕೊನೆಯ ಪುಟದ ‘ವಕ್ತೃಗಳು’ ಪಟ್ಟಿಯಲ್ಲಿ, ಇಲ್ಲದಿದ್ದರೆ ಅದೂ ಇಲ್ಲ. ಅವಳ ನೆನಪು, ಆಯ್ಕೆ, ಬದಲಾವಣೆ ಎಲ್ಲವೂ ‘ಜಾನಪದದ ಸೊಗಡು’ ಎಂಬ ಇನ್ನೊಂದು ಮುಸುಕಿನೊಳಗೆ ಕರಗಿಹೋಗುತ್ತವೆ. ಅಲ್ಲಿ ‘ಮೂಡ್’, ಇಲ್ಲಿ ‘ಸೊಗಡು’. ನಾಳೆ ಸಂಶೋಧನೆ ಮಾಡಲಿರುವ ನಾವು ಈ ಅಭ್ಯಾಸವನ್ನು ಹೆಡ್‌ಫೋನಿನಲ್ಲೇ ಕಲಿತು ಪ್ರಬಂಧಕ್ಕೆ ತರುತ್ತೇವೆ.

ಟ್ರಿಕಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ತನ್ನ ಮಾತನ್ನು ಹೆಣ್ಣು ದನಿಯಲ್ಲಿ ಕೇಳಬೇಕು ಎಂದು ಅವನಿಗೆ ಅನ್ನಿಸಿತಲ್ಲ, ಆ ಅನ್ನಿಸಿಕೆಯೇ ಆಲ್ಬಮ್ಮಿನ ಜೀವ. ನನ್ನ ಜಗಳ ಕೇಳುಗರೊಂದಿಗೆ, ಬರೆಯುವವರೊಂದಿಗೆ. ತಡರಾತ್ರಿ ಓದುವಾಗ ಹಿನ್ನೆಲೆಗೆ ಏನಾದರೂ ಬೇಕಿದ್ದರೆ ಫ್ಯಾನಿನ ಸದ್ದು ಸಾಕು, ಅದು ಪುಕ್ಕಟೆ. ‘ಮ್ಯಾಕ್ಸಿನ್‌ಕ್ವೇ’ ಹಾಕುವುದಾದರೆ ಪುಸ್ತಕ ಮುಚ್ಚಿಟ್ಟು ಕೇಳಿ. ಅದರ ಬಗ್ಗೆ ಬರೆಯುವುದಾದರೆ ಇಬ್ಬರ ಹೆಸರನ್ನೂ ಬರೆಯಿರಿ, ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ.