ಬೆಲ್ಲದ ಕವರ್ ಮೇಲೆ ನಗೋ ರೈತ ಬೇಡ, ಆಲೆ ಆಡಿಸಿದ ತಾರೀಖು ಹಾಕಿ

ಮೊನ್ನೆ ಒಂದು ತರಬೇತಿಗೆ ಹೋಗಿದ್ದೆ. "ನಿಮ್ಮ ಮಾಲು ಗಿರಾಕಿ ಕಣ್ಣಿಗೆ ಬೀಳಬೇಕು, ಪ್ಯಾಕಿಂಗ್ ಬದಲಾಯಿಸಿ" ಅಂತ ಎರಡು ಗಂಟೆ ಪಾಠ. ಬಂಗಾರದ ಬಣ್ಣದ ಕವರ್, ಇಂಗ್ಲಿಷ್ ಹೆಸರು, ಪೇಟ ಸುತ್ಕೊಂಡು ಹಲ್ಲು ಬಿಡ್ತಿರೋ ರೈತನ ಫೋಟೋ, ಒಂದಾದ ಮೇಲೊಂದು ತೋರಿಸಿದರು. ನಾನು ಸುಮ್ಮನೆ ಕೂತಿದ್ದೆ. ಯಾಕಂದ್ರೆ ಆ ಪಾಠದ ಫೀಸು ನಾನು ಎರಡು ವರ್ಷದ ಹಿಂದೇನೇ ಕಟ್ಟಿ ಆಗಿದೆ.

ಹೇಳ್ತೀನಿ ಕೇಳಿ. ನಮ್ಮದು ಮಂಡ್ಯ ಕಡೆ, ಒಂದೂವರೆ ಎಕರೆ ಕಬ್ಬು. ಹೈಡ್ರೋಸ್ ಹಾಕಿಸಲ್ಲ. ಸುಣ್ಣ, ಬೆಂಡೆ ಗಿಡದ ಲೋಳೆ, ಅಷ್ಟೇ. ಹಂಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೇ ಬರೋದು. ಯಾರದೋ ಮಾತು ಕೇಳಿ ಥಳಥಳ ಅನ್ನೋ ಕವರ್ ಮಾಡಿಸಿದೆ. ಪ್ರಿಂಟ್ ಮಾಡೋರು ಐದು ಸಾವಿರಕ್ಕೆ ಕಮ್ಮಿ ಆಗಲ್ಲ ಅಂದರು, ಅಷ್ಟೂ ಹೊಡೆಸಿದೆ. ಕವರ್ ಮೇಲಿನ ಚಿತ್ರದಲ್ಲಿ ಬೆಲ್ಲ ನಿಂಬೆಹಣ್ಣಿನಂಗೆ ಹಳದಿ. ಒಳಗಿದ್ದದ್ದು ಕಂದು. ಮೈಸೂರಿನ ಒಂದು ಅಂಗಡಿಗೆ ನೂರಿಪ್ಪತ್ತು ಪ್ಯಾಕೆಟ್ ಕೊಟ್ಟಿದ್ದೆ, ನಲವತ್ತಕ್ಕೂ ಮೇಲೆ ವಾಪಸ್ ಬಂತು. "ಯಜಮಾನ್ರೇ, ಬೆಲ್ಲ ಕೆಟ್ಟೋಗದೆ ಅಂತಾವ್ರೆ" ಅಂದ ಅಂಗಡಿ ಹುಡುಗ. ಕೆಟ್ಟಿರಲಿಲ್ಲ. ಸುಳ್ಳು ಹೇಳಿದ್ದು ಕವರ್, ಬೈಸಿಕೊಂಡಿದ್ದು ಬೆಲ್ಲ. ಉಳಿದ ಕವರ್‌ನಲ್ಲಿ ನಮ್ಮನೆಯವರು ಹುರುಳಿ ತುಂಬಿಟ್ಟಿದ್ದಾರೆ.

ಹಂಗಂತ ಪ್ಯಾಕಿಂಗ್ ಬೇಡ ಅಂತ ನಾನು ಹೇಳ್ತಿಲ್ಲ. ನಂದಿನಿ ಹಾಲು ನೋಡಿ. ಓದು ಬರದ ಅಜ್ಜಿ ಕೂಡ "ನೀಲಿ ಪ್ಯಾಕೆಟ್ ಕೊಡಪ್ಪ" ಅಂತಾಳೆ. ನೀಲಿ ಅಂದ್ರೆ ಟೋನ್ಡ್ ಹಾಲು, 3 ಪರ್ಸೆಂಟ್ ಕೊಬ್ಬು. ಬಣ್ಣಾನೇ ಮಾತಾಡುತ್ತೆ, ಅದೂ ನಿಜಾನೇ ಮಾತಾಡುತ್ತೆ. ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿ, ಅದರ ಮೇಲಿನ ಆನೆ ತಲೆ ಸಿಂಹದ ಮೈ ಇರೋ ಶರಭ, ಮೂರು ತಲೆಮಾರಿಂದ ಜನ ಗುರುತು ಹಿಡೀತಾರೆ. ಒಡವೆ ಪೆಟ್ಟಿಗೆ ಥರ ಡಬ್ಬಿ ಮಾಡಿದರೂ ಒಳಗೆ ಗಂಧದೆಣ್ಣೆ ಇತ್ತು, ಅದಕ್ಕೇ ಬಾಳ್ತು. ನಾವು ಹೊಡೆಯೋ ಔಷಧಿ ಡಬ್ಬದ ಮೇಲೂ ತ್ರಿಕೋನ ಇರುತ್ತಲ್ಲ, ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅಂದ್ರೆ ಘೋರ ವಿಷ, ಹಸಿರು ಅಂದ್ರೆ ಕಮ್ಮಿ ವಿಷ, ವಿಷ ಇಲ್ಲ ಅಂತಲ್ಲ. ಆ ಡಬ್ಬದ ಒಳಗಿನ ಚೀಟಿ ಓದೋಕೆ ಮಾತ್ರ ನನ್ನ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಬೇಕು, ಆ ಮಾತು ಇನ್ನೊಂದು ದಿನ.

ತರಬೇತಿಯಲ್ಲಿ ನಾನು ಎದ್ದು ಕೇಳಿದೆ, "ಸಾರ್, ಕವರ್ ಮೇಲೆ ಏನು ಬರೀಬೇಕು ಅಂತ ಹೇಳಲೇ ಇಲ್ಲವಲ್ಲ?" ಅದಕ್ಕವರು "ಜನ ಓದಲ್ಲ ಯಜಮಾನ್ರೇ, ನೋಡ್ತಾರೆ" ಅಂದರು. ಇದು ಶುದ್ಧ ತಪ್ಪು. ಸೊಸೈಟಿ ಹತ್ರ, ಸಂತೆ ಹತ್ರ ನಿಂತು ನೋಡಿ. ಹೆಣ್ಮಕ್ಕಳು ಪ್ಯಾಕೆಟ್ ತಿರುಗಿಸಿ ತಿರುಗಿಸಿ ತಾರೀಖು ಹುಡುಕ್ತಾರೆ. ಸಿಗಲ್ಲ, ಯಾಕಂದ್ರೆ ಅದನ್ನ ಕವರ್ ಮಡಿಕೇಲಿ, ಉಜ್ಜಿದರೆ ಅಳಿಸೋ ಮಸೀಲಿ ಹೊಡೆದಿರ್ತಾರೆ. ಕಾನೂನಿಗೊಂದು ತಾರೀಖು, ಅಷ್ಟೇ. ಜನಕ್ಕಲ್ಲ.

ಗಿರಾಕಿನ ಹಿಡಿದು ನಿಲ್ಲಿಸಬೇಕಾ? ಹೆಸರನ್ನ ಕನ್ನಡದಲ್ಲಿ ದಪ್ಪಕ್ಕೆ ಬರೀರಿ. ಆಲೆ ಆಡಿಸಿದ ದಿನ, ಊರು, ಕಬ್ಬಿನ ತಳಿ ಮುಂದುಗಡೇನೇ ಹಾಕಿ. ನಮ್ಮ ಕಡೆ ಬೆಲ್ಲಕ್ಕೆ ಸಿಒ 62175 ಅಂದ್ರೆ ಹಳಬರಿಗೆ ಗೊತ್ತು, ಪೇಟೆಯವರಿಗೂ ಗೊತ್ತಾಗಲಿ. ಬೆಲ್ಲ ಕಾಣೋ ಹಂಗೆ ಒಂದು ಕಿಟಕಿ ಬಿಡಿ. ಯಾಕೆ ಕಂದು ಅಂತ ಎರಡು ಸಾಲು ಬರೀರಿ. ಮಳೆಗಾಲದಲ್ಲಿ ಬೆಲ್ಲ ತೇವ ಎಳ್ಕೊಂಡು ನೀರು ಬಿಡುತ್ತೆ, ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಅಂತ ಹೇಳಿ. ಒಂದು ಕೆಜಿ ಅಚ್ಚು ಒಡೆಯೋಕೆ ಪೇಟೆ ಮನೇಲಿ ಗುಂಡುಕಲ್ಲು ಇಲ್ಲ ಸ್ವಾಮಿ, ಕಾಲು ಕೆಜಿ ಸಣ್ಣ ಅಚ್ಚು ಮಾಡಿ. "ಸಕ್ಕರೆ ಕಾಯಿಲೆಯವರೂ ತಿನ್ನಬಹುದು" ಅಂತ ಮಾತ್ರ ಹಾಕಬೇಡಿ. ಕಬ್ಬಿನ ಬೆಲ್ಲದಲ್ಲಿ ಇರೋದು ಬಹುಪಾಲು ಸಕ್ಕರೆ ಅಂಶಾನೇ. ಅದನ್ನ ನಂಬಿ ತಿಂದವರ ಪಾಪ ನಮ್ಮ ತಲೆಗೆ ಬರುತ್ತೆ.

ಕವರ್ ಎಡವಟ್ಟಾದ ಮೇಲೆ ನಾನು ಜೆರಾಕ್ಸ್ ಅಂಗಡೀಲಿ ಒಂದು ಚೀಟಿ ಮಾಡಿಸಿ, ಬಿಳೀ ಕವರ್ ಒಳಗೆ ಬೆಲ್ಲದ ಜೊತೆ ಇಟ್ಟೆ. ತಾರೀಖು, ಊರು, ಫೋನ್ ನಂಬರು, ಬಣ್ಣದ ವಿಚಾರ. ಒಂದು ವಾರಕ್ಕೆ ಬೆಂಗಳೂರಿಂದ ಒಬ್ಬ ತಾಯಿ ಫೋನ್ ಮಾಡಿದರು. "ಅಣ್ಣಾ, ನಿಮ್ಮ ಬೆಲ್ಲ ಹಾಕಿದರೆ ಪಾಯಸದ ಹಾಲು ಒಡೀತು" ಅಂತ. ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲದ ಪಾಕ ಹಾಕಿ ತಾಯಿ ಅಂದೆ. ಆಮೇಲಿನ ಸಲ ಅವರೇ ಐದು ಕೆಜಿ ತರಿಸಿಕೊಂಡರು. ಈ ಸಲದ ಚೀಟಿಗೆ ಪಾಯಸದ ಸಾಲನ್ನೂ ಸೇರಿಸಿದ್ದೀನಿ. ನಾಡಿದ್ದಿಂದ ಕಬ್ಬು ಕಡಿಯೋದು, ಆಳು ಸಿಕ್ಕಿದರೆ.