ಪ್ರವಾಸ ಪ್ರಚಾರದ ಹಣವೂ ಪ್ರಜೆಯ ಲೆಕ್ಕವೂ

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಕುಳ್ಳಿರಿಸುವುದು ನಮ್ಮ ಜಿಲ್ಲೆಯ ಹಳೆಯ ವಾಡಿಕೆ. ಕೊಡುವ ಗೃಹಿಣಿಗೆ ಡಬ್ಬಿಯಲ್ಲಿ ಬೆಲ್ಲವೆಷ್ಟಿದೆ, ಕೊಡದಲ್ಲಿ ನೀರೆಷ್ಟಿದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಇಂದು ಅದೇ ಆತಿಥ್ಯವನ್ನು ಸರಕಾರವು ಪ್ರವಾಸೋದ್ಯಮವೆಂಬ ಹೆಸರಿನಿಂದ ತನ್ನ ಕಾರ್ಯವಾಗಿ ಕೈಕೊಂಡಿದೆ. ಅದಕ್ಕೆ ಒಂದು ಇಲಾಖೆಯಿದೆ. ೧೯೭೧ರಲ್ಲಿ ಸ್ಥಾಪಿತವಾದ ನಿಗಮವಿದೆ. ೨೦೨೪-೨೯ರ ಅವಧಿಗೆಂದು ಪ್ರಕಟವಾದ ನೀತಿಯಿದೆ. ಆದರೆ ಇಲ್ಲಿ ಹಂಚುವ ಬೆಲ್ಲವು ಪ್ರಜೆಗಳದ್ದು. ಆದಕಾರಣ ಅದನ್ನು ಯಾರಿಗೆ, ಎಷ್ಟು, ಯಾವ ಫಲವನ್ನು ಅಪೇಕ್ಷಿಸಿ ಹಂಚಲಾಯಿತು ಎಂದು ಕೇಳುವ ಅಧಿಕಾರವೂ ಪ್ರಜೆಗಳದ್ದೇ ಆಗಿದೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಸ್ಥಿತಿಯನ್ನು ಕಂಡವರಿಗೆ ಈ ಪ್ರಶ್ನೆಯು ಅಕಾಲಿಕವೆಂದು ತೋರಲಾರದು.

ಮೊದಲಾಗಿ ಕುಕ್ಕೆ ಸುಬ್ರಹ್ಮಣ್ಯವನ್ನೇ ನೋಡೋಣ. ಹಿಂದೆ ಸುಳ್ಯ ತಾಲೂಕಿಗೆ ಸೇರಿದ್ದು ಈಗ ಕಡಬಕ್ಕೆ ಸೇರಿರುವ ಈ ಕ್ಷೇತ್ರವು ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಆದಾಯದಿಂದ ಅಗ್ರಸ್ಥಾನದಲ್ಲಿದೆ. ೨೦೨೩-೨೪ನೆಯ ಸಾಲಿನಲ್ಲಿ ಅದರ ಉತ್ಪತ್ತಿಯು ಸುಮಾರು ೧೪೬ ಕೋಟಿ ರೂಪಾಯಿಗಳಾಗಿತ್ತು. ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮೊದಲಾದ ಸೇವೆಗಳಿಗಾಗಿ ದೂರದೇಶಗಳಿಂದ ಜನರು ಬರುವುದು ಇಲಾಖೆಯ ಜಾಹೀರಾತನ್ನು ಕಂಡಲ್ಲ. ೨೦೨೩ನೆಯ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಆರಂಭವಾಗಿ ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವು ದೊರೆತ ಮೇಲೆ ಯಾತ್ರಿಕರ ಸಂಖ್ಯೆಯು ಮತ್ತಷ್ಟು ಏರಿತು. ೨೦೨೧ರಿಂದ ಗಾಜಿನ ಮಾಡಿನ ರೈಲುಡಬ್ಬಿಯು ಘಟ್ಟವಿಳಿದು ನೆಟ್ಟಣದ ನಿಲ್ದಾಣಕ್ಕೆ ಬರತೊಡಗಿತು. ಹೀಗಿರುವಲ್ಲಿ ಈ ಕ್ಷೇತ್ರಕ್ಕೆ ಬೇಕಾಗಿರುವುದು ಪ್ರಚಾರವೋ, ಬಂದವರಿಗೆ ಶೌಚಾಲಯ, ಶುದ್ಧಜಲ, ಚರಂಡಿಗಳ ಏರ್ಪಾಡೋ ಎಂಬುದನ್ನು ವಿವೇಕಿಗಳೇ ನಿರ್ಣಯಿಸಲಿ.

ಇದು ಒಂದು ಗ್ರಾಮದ ಸಂಗತಿಯೂ ಅಲ್ಲ. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಹರಿಯುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಆ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದಲೇ ಮಂಗಳೂರಿಗೆ ಕುಡಿಯುವ ನೀರು ಹೋಗುತ್ತದೆ. ಘಟ್ಟದ ಬುಡದಲ್ಲಿ ಚರಂಡಿಗೆ ಹಣವನ್ನು ಕೊಡದೆ ಭಿತ್ತಿಪತ್ರಕ್ಕೆ ಕೊಟ್ಟರೆ ಅದರ ಫಲವನ್ನು ಸಮುದ್ರತೀರದ ನಗರವೂ ಉಣ್ಣಬೇಕಾದೀತು.

ಕುಮಾರಪರ್ವತದ ಪ್ರಸಂಗವು ಇನ್ನೂ ಕಣ್ಣಿನ ಮುಂದಿದೆ. ೨೦೨೪ನೆಯ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಂದೇ ಕಾಡುದಾರಿಯಲ್ಲಿ, ಜಾತ್ರೆಗೆ ನೆರೆದವರಂತೆ, ಸಾಲುಗಟ್ಟಿ ಬೆಟ್ಟವನ್ನೇರಿದರು. ಆ ಚಿತ್ರಗಳು ನಾಡಿನಾದ್ಯಂತ ಹರಡಿದ ಮೇಲೆ ಸರಕಾರವು ಎಚ್ಚತ್ತು, ಮುಂಗಡ ನೋಂದಣಿಯಿಲ್ಲದೆ ಹತ್ತಕೂಡದೆಂದೂ ದಿನಕ್ಕೆ ಇಂತಿಷ್ಟೇ ಮಂದಿಯೆಂದೂ ಕಟ್ಟಳೆಯನ್ನು ಮಾಡಿತು. ಕಟ್ಟಳೆಯು ಸರಿಯಾದುದೇ. ಆದರೆ ಒಂದು ಇಲಾಖೆಯು ಬನ್ನಿರೆಂದು ಕರೆಯುತ್ತಿರಲು ಇನ್ನೊಂದು ಇಲಾಖೆಯು ನಿಲ್ಲಿರೆಂದು ಕೈಯೊಡ್ಡಬೇಕಾಗುವ ಸ್ಥಿತಿಯು ಯೋಜನೆಯ ಲಕ್ಷಣವಲ್ಲ. ಕರೆಯುವ ಮೊದಲೇ ಎಷ್ಟು ಜನಕ್ಕೆ ಎಡೆಯಿದೆಯೆಂದು ಅಳೆಯಬೇಡವೇ?

ಈ ಗೊಂದಲದ ಮೂಲವು ಅಧಿಕಾರದ ಹಂಚಿಕೆಯಲ್ಲಿಯೂ ಇದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ದೇಶದೊಳಗಿನ ತೀರ್ಥಯಾತ್ರೆಯು ರಾಜ್ಯಗಳಿಗೆ ಬಿಟ್ಟ ವಿಷಯ. ೧೯೯೩ರಲ್ಲಿ ಜಾರಿಗೆ ಬಂದ ಎಪ್ಪತ್ತಮೂರನೆಯ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ ೨೯ ವಿಷಯಗಳನ್ನು ಹೇಳಿತು. ಅವುಗಳಲ್ಲಿ ಪ್ರವಾಸೋದ್ಯಮದ ಹೆಸರಿಲ್ಲ. ಆದರೆ ಕುಡಿಯುವ ನೀರು, ರಸ್ತೆ, ನೈರ್ಮಲ್ಯ, ಸಂತೆ-ಜಾತ್ರೆ ಇವೆಲ್ಲವೂ ಇವೆ. ಅಂದರೆ ಅತಿಥಿಯನ್ನು ಆಹ್ವಾನಿಸುವ ಅಧಿಕಾರವು ಬೆಂಗಳೂರಿನದು. ಆತನು ಉಂಡೆಸೆದ ಎಲೆಯನ್ನು ಎತ್ತುವ ಕರ್ತವ್ಯವು ಗ್ರಾಮ ಪಂಚಾಯತಿಯದು. ಎಲೆಯನ್ನೆತ್ತುವವರಿಗೆ ಅತಿಥಿಗಳ ಸಂಖ್ಯೆಯ ವಿಚಾರದಲ್ಲಿ ಮಾತಿಲ್ಲದಿರುವುದು ನ್ಯಾಯವೇ?

ಇತ್ತ ಜನಜಂಗುಳಿಯಿಂದ ಕುಕ್ಕೆಯು ಬಳಲುತ್ತಿರುವಾಗ, ಕರೆಯಬೇಕಾದ ಸ್ಥಳಗಳಿಗೆ ಕರೆ ಹೋಗುವುದು ಅಪೂರ್ವ. ಪುತ್ತೂರಿನ ಪರ್ಲಡ್ಕದಲ್ಲಿ ಡಾ. ಶಿವರಾಮ ಕಾರಂತರ ಬಾಲವನವಿದೆ. ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಆ ಮಹನೀಯರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ನೆಲವದು. ೧೮೩೭ರಲ್ಲಿ ಕಂಪೆನಿ ಸರಕಾರದ ವಿರುದ್ಧ ಎದ್ದ ಅಮರಸುಳ್ಯದ ರೈತರು ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳ್ತನದಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಪುತ್ತೂರಿನ ಮಾರ್ಗವಾಗಿ ಮಂಗಳೂರಿನವರೆಗೆ ನಡೆದರು. ರಾಮಯ್ಯಗೌಡರ ಪ್ರತಿಮೆಯು ೨೦೨೨ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದುದು ಸಂತೋಷವೇ. ಆದರೆ ಅವರು ನಡೆದ ದಾರಿಯನ್ನು ಶಾಲೆಯ ಬಾಲಕನಿಗೂ ಪರಸ್ಥಳದ ಯಾತ್ರಿಕನಿಗೂ ಊರೂರಿನಲ್ಲಿ ತೋರಿಸಿಕೊಡುವುದಲ್ಲವೇ ನಿಜವಾದ ಪ್ರಚಾರ? ತೊಡಿಕಾನದ ದೇವಾಲಯ, ದೇವರಗುಂಡಿಯ ಜಲಪಾತ, ಇರ್ದೆಯ ಬೆಂದ್ರ್‌ತೀರ್ಥ ಇವುಗಳೂ ಯೋಗ್ಯವಾದ ಸ್ಥಳಗಳೇ; ಆದರೆ ಮಿತವರಿತು, ರಕ್ಷಣೆಯ ಏರ್ಪಾಡನ್ನು ಮೊದಲು ಮಾಡಿ ಕರೆಯತಕ್ಕವು.

ಪ್ರಚಾರಕ್ಕೆ ಹಣವೇ ಬೇಡವೆಂದು ನಾವು ಹೇಳುತ್ತಿಲ್ಲ. ಸುಳ್ಯದ ಕಡೆಯಲ್ಲಿ ಅಡಿಕೆಗೆ ಹಳದಿ ಎಲೆ ರೋಗವು ತಗಲಿ ಎಷ್ಟೋ ತೋಟಗಳು ಬರಿದಾಗಿವೆ. ಎಲೆಚುಕ್ಕಿಯ ಬಾಧೆಯೂ ಸೇರಿಕೊಂಡಿದೆ. ಅಂಥ ಕುಟುಂಬಗಳಿಗೆ ಮನೆಯ ಎರಡು ಕೋಣೆಗಳನ್ನು ಯಾತ್ರಿಕರಿಗೆ ಕೊಟ್ಟು ನಾಲ್ಕು ಕಾಸು ಸಂಪಾದಿಸುವ ಉಪಾಯವು ಸಣ್ಣದಲ್ಲ. ಆದುದರಿಂದಲೇ ಹಣವು ವ್ಯರ್ಥವಾಗಬಾರದೆಂಬುದು ನಮ್ಮ ವಾದ. ರಾಜಧಾನಿಯಲ್ಲಿ ಅಚ್ಚಾದ ಬಣ್ಣದ ಪುಸ್ತಿಕೆಯಿಂದ ಇಂಥ ಮನೆಗೆ ಎಷ್ಟು ಮಂದಿ ಅತಿಥಿಗಳು ಬಂದರೆಂದು ಅಳೆಯದಿದ್ದರೆ, ಆ ಪುಸ್ತಿಕೆಯು ಅಚ್ಚುಹಾಕಿದವನಿಗೆ ಮಾತ್ರ ಲಾಭಕರವಾದೀತು.

ಮೇಲ್ವಿಚಾರಣೆಯು ಹೆಚ್ಚಿದರೆ ಕೆಲಸವು ನಿಧಾನವಾಗುವುದೆಂದು ಕೆಲವು ಅಧಿಕಾರಿಗಳು ಹೇಳಬಹುದು. ಕೆಲಸಕ್ಕೆ ಮುಂಚೆ ಹತ್ತು ಮೇಜುಗಳ ಅಪ್ಪಣೆಯನ್ನು ಬೇಡುವ ಮೇಲ್ವಿಚಾರಣೆಯಾದರೆ ಅದು ನಿಜ. ನಾವು ಕೇಳುವುದು ಅದನ್ನಲ್ಲ, ಬಹಿರಂಗವಾದ ಲೆಕ್ಕವನ್ನು. ೨೦೦೫ರ ಮಾಹಿತಿ ಹಕ್ಕು ಕಾನೂನಿನ ನಾಲ್ಕನೆಯ ಪ್ರಕರಣವು ಪ್ರತಿಯೊಂದು ಕಚೇರಿಯೂ ತನ್ನ ಆಯವ್ಯಯವನ್ನೂ ವೆಚ್ಚದ ವಿವರವನ್ನೂ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು ವಿಧಿಸಿದೆ. ಅದನ್ನು ಪಾಲಿಸಿದರೆ ಯಾವ ಕೆಲಸವೂ ನಿಲ್ಲದು.

ಆದಕಾರಣ ಸರಕಾರದ ಮುಂದೆ ನಾವು ನಾಲ್ಕು ಸೂಚನೆಗಳನ್ನಿಡುತ್ತೇವೆ. ಒಂದು: ಈ ಮೂರು ತಾಲೂಕುಗಳಲ್ಲಿ ಪ್ರವಾಸದ ಬಾಬ್ತು ವೆಚ್ಚವಾದ ಹಣದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ, ಕನ್ನಡದಲ್ಲಿ, ತಾಲೂಕು ಕಚೇರಿಯಲ್ಲಿಯೂ ಸಂಬಂಧಪಟ್ಟ ಗ್ರಾಮ ಪಂಚಾಯತಿಯಲ್ಲಿಯೂ ಪ್ರಕಟಿಸಬೇಕು. ಎರಡು: ದೇವಸ್ಥಾನದ ಹಣವು ಭಕ್ತರದ್ದು, ಪ್ರವಾಸದ ಹಣವು ಖಜಾನೆಯದ್ದು, ಇವೆರಡರ ಲೆಕ್ಕಗಳು ಬೆರೆಯಕೂಡದು. ಮೂರು: ಜನದಟ್ಟಣೆಯ ಸ್ಥಳಗಳಲ್ಲಿ ನೀರು, ನೈರ್ಮಲ್ಯಗಳ ಏರ್ಪಾಡು ಸಾಕಷ್ಟಿದೆಯೆಂದು ಸ್ಥಳೀಯ ಪಂಚಾಯತಿಯು ಒಪ್ಪಿದ ಮೇಲೆಯೇ ಹೊಸ ಪ್ರಚಾರಕ್ಕೆ ಹಣವನ್ನು ಬಿಡಬೇಕು. ನಾಲ್ಕು: ಜಿಲ್ಲೆಯ ಪ್ರವಾಸ ಸಮಿತಿಯಲ್ಲಿ ಯಾತ್ರಿಕರ ಭಾರವನ್ನು ಹೊರುವ ಪಂಚಾಯತಿಗಳ ಪ್ರತಿನಿಧಿಗಳಿಗೆ ಸ್ಥಾನವನ್ನೂ ಮತವನ್ನೂ ಕೊಡಬೇಕು.

ಇವುಗಳಲ್ಲಿ ಒಂದಕ್ಕಾದರೂ ಹೊಸ ತೆರಿಗೆಯು ಬೇಕಿಲ್ಲ. ಬೇಕಾದುದು ಅಧಿಕಾರಿಗಳ ಮನಸ್ಸು, ನಾಗರಿಕರ ಎಚ್ಚರ. ಲೆಕ್ಕವು ಗೋಡೆಯ ಮೇಲೆ ಅಂಟಿದ ದಿನ ಅದನ್ನು ಓದುವವರೂ ಇರಬೇಕು. ವಾಚಕರು ತಮ್ಮ ಪಂಚಾಯತಿಯ ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಲಿ. ಅತಿಥಿಯು ನಮಗೆ ದೇವರೇ ಸರಿ. ಆದರೆ ದೇವರ ಹುಂಡಿಗೂ ಲೆಕ್ಕವಿರುವ ನಾಡಿನಲ್ಲಿ ಅತಿಥಿಯ ಹೆಸರಿನಲ್ಲಿ ತೆಗೆದ ಹಣಕ್ಕೆ ಲೆಕ್ಕವಿಲ್ಲದೆ ಹೋಗಬಾರದು.